ಅವ್ವನ ಫೋನಿಗೆ ಯಾವ ಸಿಮ್? ತೋಟದಲ್ಲೇ ನಿಂತು ನೋಡಿ ಆರಿಸಿದ್ದು

ಹೋದ ಬೇಸಿಗೆಯಲ್ಲಿ ಅಪ್ಪ ಬೋರಿನ ಹತ್ತಿರ ಕಾಲು ಜಾರಿ ಬಿದ್ದರು. ಅವ್ವ ನನಗೆ ಏಳು ಸಲ ಫೋನ್ ಮಾಡಿದ್ದಾಳೆ, ಒಂದೂ ಹತ್ತಲಿಲ್ಲ. ಕೊನೆಗೆ ಮಾಳಿಗೆ ಏರಿ ನೀರಿನ ಟ್ಯಾಂಕಿನ ಪಕ್ಕ ನಿಂತು ಮಾಡಿದಾಗ ನನಗೆ ಕೇಳಿಸಿದ್ದು "ಅಪ್ಪಾ ಬಿದ್ದಾರ" ಅನ್ನೋ ಎರಡೇ ಮಾತು. ಆಮೇಲೆ ಮತ್ತೆ ಕಟ್. ವಿಜಯಪುರದಿಂದ ಇಂಡಿ ಕಡೆ ಬೈಕ್ ಓಡಿಸಿಕೊಂಡು ಹೋಗುವಾಗ ಅಲ್ಲಿ ಏನಾಗಿದೆಯೋ ಏನೂ ಗೊತ್ತಿಲ್ಲ. ದೇವರ ದಯೆ, ಮೊಣಕಾಲು ಊದಿತ್ತು ಅಷ್ಟೇ. ಆದರೆ ಆ ಒಂದು ತಾಸು ನನಗೆ ಮರೆಯೋಕಾಗಲ್ಲ.

ಆ ಸಿಮ್ ಕೊಡಿಸಿದ್ದು ನಾನೇ. ವಿಜಯಪುರದ ಜಲನಗರದ ನಮ್ಮ ಮನೆಯಲ್ಲಿ ಅದೇ ಕಂಪನಿದು ಫುಲ್ ರೇಂಜ್, ಇಂಟರ್ನೆಟ್ ಕೂಡ ಜೋರು. ಹಾಗಾಗಿ ಅವ್ವನಿಗೂ ಅದೇ ಇರಲಿ ಅಂದುಕೊಂಡೆ. ಆದರೆ ಪಟ್ಟಣದ ರೇಂಜಿಗೂ ಲಿಂಬೆ ತೋಟದ ನಡುವಿನ ಕಲ್ಲಿನ ಮನೆಯ ರೇಂಜಿಗೂ ಸಂಬಂಧವೇ ಇಲ್ಲ. ಕಂಪನಿಯ ವೆಬ್‌ಸೈಟಿನಲ್ಲಿ ಮ್ಯಾಪ್ ಇರುತ್ತೆ, ಈಗ ಎಲ್ಲ ಕಂಪನಿಗಳೂ ಹಾಕಬೇಕು ಅಂತ ಟ್ರಾಯ್ (ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ) ನಿಯಮವೇ ಇದೆ. ಅದರಲ್ಲಿ ನಮ್ಮ ತೋಟ ಪೂರ್ತಿ ಬಣ್ಣ ತುಂಬಿಕೊಂಡಿತ್ತು. ಅಡುಗೆಮನೆ ಒಳಗೆ ಸಿಗುತ್ತಾ ಅನ್ನೋದನ್ನ ಮ್ಯಾಪ್ ಹೇಳಲ್ಲ.

ಅದಕ್ಕೇ ಒಂದು ಭಾನುವಾರ ಕೂತು ಸರಿಯಾಗಿ ನೋಡಿದೆ. ನನ್ನದು, ಪಕ್ಕದ ತೋಟದ ಕಾಕಾ ಅವರದು, ಲಿಂಬೆ ಚೀಲ ಒಯ್ಯುವ ಟೆಂಪೋ ಹುಡುಗನದು, ಊರಿನ ಮಾಸ್ತರರದು, ಹೀಗೆ ನಾಲ್ಕು ಕಂಪನಿಯ ನಾಲ್ಕು ಫೋನ್ ಕೂಡಿಸಿದೆ. ಅಡುಗೆಮನೆ ಒಲೆ ಹತ್ತಿರ, ಬೋರಿನ ಹತ್ತಿರ, ಡಾಂಬರು ರಸ್ತೆ ತಿರುವಿನಲ್ಲಿ, ಪ್ರತಿ ಕಡೆ ಪ್ರತಿ ಫೋನಿನಿಂದ ಎರಡೆರಡು ನಿಮಿಷ ಮಾತು. ರೇಂಜಿನ ಕಡ್ಡಿ ನೋಡಿ ಮೋಸ ಹೋಗಬೇಡಿ. ಒಂದರಲ್ಲಿ ನಾಲ್ಕು ಕಡ್ಡಿ ಇತ್ತು, ದನಿ ಮಾತ್ರ ತುಂಡು ತುಂಡು. ಇನ್ನೊಂದರಲ್ಲಿ ಎರಡೇ ಕಡ್ಡಿ, ಮಾತು ಸ್ವಚ್ಛ. ರಾತ್ರಿ ಊಟ ಆದ ಮೇಲೆ ಎಂಟೂವರೆಗೆ ಮತ್ತೆ ನೋಡಿದೆ, ಯಾಕಂದ್ರೆ ಆ ಹೊತ್ತಿಗೆ ಊರೆಲ್ಲ ವಿಡಿಯೋ ನೋಡ್ತಾ ಕೂತಿರುತ್ತೆ, ಟವರ್ ಮೇಲೆ ಭಾರ ಜಾಸ್ತಿ. ಬೆಳಿಗ್ಗೆ ಚೆನ್ನಾಗಿದ್ದ ಒಂದು ನೆಟ್‌ವರ್ಕ್ ಆಗ ಪೂರ್ತಿ ಕೈಕೊಟ್ಟಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಅದೂ ಒಳ್ಳೆಯದೇ ಆಯಿತು, ಅರ್ಧ ತಾಸಿನಲ್ಲಿ ಇನ್ನೊಂದು ಕಂಪನಿಯ ಸಿಗ್ನಲ್ ಪೂರ್ತಿ ಮಾಯ. ಆ ಟವರಿನ ಬ್ಯಾಟರಿ ತಾಳಲಿಲ್ಲ ಅಂತ ಕಾಣುತ್ತೆ. ನಮ್ಮ ಕಡೆ ಕರೆಂಟ್ ಹೇಗೆ ಬಂದು ಹೋಗುತ್ತೆ ಅಂತ ಗೊತ್ತಲ್ವಾ, ಹಾಗಾಗಿ ಇದನ್ನ ನೋಡಲೇಬೇಕು.

ಯಾವ ಕಂಪನಿ ಗೆದ್ದಿತು ಅಂತ ಬರೆಯಲ್ಲ. ಅರ್ಧ ಕಿಲೋಮೀಟರ್ ಆಚೆ ಕಾಕಾ ಅವರ ಮನೆಯಲ್ಲೇ ಲೆಕ್ಕ ಬೇರೆ ಬಂತು, ನಿಮ್ಮ ಊರಿಗೆ ನನ್ನ ಉತ್ತರ ಏನು ಉಪಯೋಗ? 5ಜಿ ಅಂತ ಹೇಳಿದ ಕೂಡಲೇ ಮಾರುಹೋಗಬೇಡಿ. 900 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗ ದೂರ ಹೋಗುತ್ತೆ, ಗೋಡೆಯನ್ನೂ ಸ್ವಲ್ಪ ದಾಟುತ್ತೆ. 5ಜಿಗೆ ಜಾಸ್ತಿ ಬಳಸುವ 3,500ರ ಆಸುಪಾಸಿನದು ಅಷ್ಟು ದೂರ ಬರಲ್ಲ. ಬಿಎಸ್‌ಎನ್‌ಎಲ್ ಅಂದ್ರೆ ಹಳೇದು ಅಂತ ಪರೀಕ್ಷೆಯಿಂದ ಬಿಡಬೇಡಿ, 2025ರ ಸೆಪ್ಟೆಂಬರಿನಲ್ಲಿ ಅವರ ಸ್ವದೇಶಿ 4ಜಿ ಶುರುವಾಗಿದೆ, ನಿಮ್ಮ ಟವರಿಗೆ ಬಂದಿದ್ಯಾ ಕೇಳಿ. ಇನ್ನೊಂದು ಮಾತು. ಜಿಯೋಗೆ 2ಜಿ ಇಲ್ಲ. ಮನೆಯ ಹಿರಿಯರ ಕೈಯಲ್ಲಿ ಹಳೇ ಬಟನ್ ಫೋನ್ ಇದ್ದರೆ ಆ ಸಿಮ್ ಅದರಲ್ಲಿ ನಡೆಯಲ್ಲ, 4ಜಿ ಇರುವ ಬಟನ್ ಫೋನೇ ಬೇಕು.

ದುಡ್ಡಿನ ವಿಷಯ. 28 ದಿನದ ಪ್ಯಾಕ್ ಹಾಕಿಸಿದರೆ ವರ್ಷಕ್ಕೆ 12 ಅಲ್ಲ, 13 ಸಲ ಕರೆನ್ಸಿ ಹಾಕಿಸಬೇಕು. 2024ರ ಜುಲೈನಲ್ಲಿ ರೇಟು ಏರಿದಾಗ 84 ದಿನಕ್ಕೆ ದಿನಾ ಒಂದೂವರೆ ಜಿಬಿ ಕೊಡುವ ಪ್ಯಾಕ್ ಜಿಯೋದಲ್ಲಿ 666ರಿಂದ 799 ಆಯಿತು, ಏರ್‌ಟೆಲ್‌ನಲ್ಲಿ 719ರಿಂದ 859. ಅವ್ವ ಇಂಟರ್ನೆಟ್ ಮುಟ್ಟೋದೇ ಇಲ್ಲ, ಆದರೂ ಅದಕ್ಕೆ ಸುಮ್ನೆ ದುಡ್ಡು ಕಟ್ಟಿದ್ದೇವೆ. ಮಾತು ಮತ್ತು ಮೆಸೇಜ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು ಅಂತ 2024ರ ಡಿಸೆಂಬರಿನಲ್ಲಿ ಟ್ರಾಯ್ ಹೇಳಿತು, 2025ರ ಜನವರಿಯಲ್ಲಿ ಪ್ಯಾಕ್ ಬಂದವು. ಆಗ 84 ದಿನಕ್ಕೆ ಜಿಯೋದಲ್ಲಿ 448, ಏರ್‌ಟೆಲ್‌ನಲ್ಲಿ 469 ಇತ್ತು. ರೇಟು ಬದಲಾಗುತ್ತಿರುತ್ತೆ, ಹಾಕಿಸುವ ದಿನ ನೋಡಿಕೊಳ್ಳಿ. ನಾನು ಕೇಳಿದ ಎರಡು ಅಂಗಡಿಯಲ್ಲೂ ಅವರಾಗಿ ಇದನ್ನ ಹೇಳಲಿಲ್ಲ. "ಬರೇ ಮಾತಿಂದು ಹಾಕ್ರಿ" ಅಂತ ನಾವೇ ಕೇಳಬೇಕು.

ಹಳೇ ಕಂಪನಿಯ ಸೇವೆ ಬಗ್ಗೆ ಹೇಳಲೇಬೇಕು. ಅಪ್ಪ ಬಿದ್ದ ಮರುದಿನವೇ 198ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಎರಡು ದಿನಕ್ಕೆ "ನಿಮ್ಮ ಸಮಸ್ಯೆ ಬಗೆಹರಿದಿದೆ" ಅಂತ ಮೆಸೇಜ್. ತೋಟಕ್ಕೆ ಯಾರೂ ಬಂದಿಲ್ಲ, ಏನೂ ಬದಲಾಗಿಲ್ಲ. ಮತ್ತೆ ದೂರು, ಮತ್ತೆ ಅದೇ ಮೆಸೇಜ್. ಮೂರನೇ ಸಲ ದೂರಿನ ನಂಬರ್ ಹಿಡಿದು ಅದೇ ಕಂಪನಿಯ ಮೇಲ್ಮನವಿ ವಿಭಾಗಕ್ಕೆ ಅಪೀಲ್ ಹಾಕಿದೆ. ಅಪೀಲಿಗೆ ದುಡ್ಡಿಲ್ಲ, ದೂರು ಮುಗಿದ 30 ದಿನದೊಳಗೆ ಹಾಕಬೇಕು, 39 ದಿನದಲ್ಲಿ ಅವರು ಉತ್ತರ ಕೊಡಬೇಕು. ಆಗ ಒಬ್ಬ ಹೆಣ್ಣುಮಗಳು ಫೋನ್ ಮಾಡಿ, "ಸರ್, ಆ ಜಾಗದಲ್ಲಿ ನಮ್ಮ ಸಿಗ್ನಲ್ ಕಡಿಮೆ, ಸದ್ಯಕ್ಕೆ ಹೊಸ ಟವರ್ ಬರಲ್ಲ" ಅಂದರು. ಅವರ ಮೇಲೆ ನನಗೆ ಗೌರವ ಇದೆ. ಈ ಮಾತು ಮೊದಲ ದಿನವೇ ಹೇಳಿದ್ದರೆ ಸಾಕಿತ್ತು, ಎರಡು ತಿಂಗಳು ಅವ್ವ ಮಾಳಿಗೆ ಹತ್ತಬೇಕಿರಲಿಲ್ಲ.

ಪೋರ್ಟ್ ಮಾಡಿಸೋದು, ಅಂದ್ರೆ ನಂಬರ್ ಅದೇ ಇಟ್ಟುಕೊಂಡು ಕಂಪನಿ ಬದಲಿಸೋದು, ಸುಲಭ. ಪೋರ್ಟ್ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಂಬರ್ ಹಾಕಿ 1900ಕ್ಕೆ ಮೆಸೇಜ್ ಮಾಡಬೇಕು. ಎಂಟು ಅಕ್ಷರದ ಕೋಡ್ ಬರುತ್ತೆ, ನಾಲ್ಕು ದಿನ ನಡೆಯುತ್ತೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಉಳಿದ ಬ್ಯಾಲೆನ್ಸ್ ಹೋಗುತ್ತೆ, ಅದಕ್ಕೇ ಪ್ಯಾಕ್ ಮುಗಿಯುವ ಹೊತ್ತಿಗೆ ಮಾಡಿಸಿ. ಸಿಮ್ ಯಾರ ಹೆಸರಲ್ಲಿದೆಯೋ ಅವರೇ ಬರಬೇಕು. ಇಂಡಿ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಅವ್ವನನ್ನು ಕರೆದುಕೊಂಡು ಹೋದೆ. ಹುಡುಗ ಮೊಬೈಲ್ ಹಿಡಿದು "ಅವ್ವಾರ, ಸ್ವಲ್ಪ ಕಣ್ಣು ಮಿಟುಕಸ್ರಿ" ಅಂದ. ಅವ್ವ ಕ್ಯಾಮೆರಾ ಕಂಡರೆ ಸೆಟೆದು ನಿಲ್ಲುವವಳು, ಕಣ್ಣು ಮಿಟುಕಿಸಲೇ ಇಲ್ಲ. ಆ ಹುಡುಗ ಒಂಚೂರೂ ಬೇಸರ ಮಾಡಿಕೊಳ್ಳದೆ ಸ್ಟೂಲ್ ಹಾಕಿ ಕೂರಿಸಿ, ನೀರು ಕೊಟ್ಟು, ನಾಲ್ಕನೇ ಸಲಕ್ಕೆ ಫೋಟೋ ತೆಗೆದ. ಮೂರನೇ ದಿನ ಸಂಜೆ ಹಳೇ ಸಿಮ್ ಸತ್ತಿತು, ಹೊಸದು ಶುರುವಾಯಿತು.

ಈಗ ಒಲೆ ಮುಂದೆ ಕೂತೇ ಮಾತಾಡುತ್ತಾಳೆ, ರೊಟ್ಟಿ ಬಡಿಯೋ ಸಪ್ಪಳ ಕೂಡ ಕೇಳುತ್ತೆ. ತೋಟದ ಕೆಳಗಿನ ತುದಿಯಲ್ಲಿ, ಬದುವಿನ ಹತ್ತಿರ, ಇದೂ ಒಮ್ಮೊಮ್ಮೆ ಕಟ್ ಆಗುತ್ತೆ. ಅಪ್ಪ ನೀರು ಹಾಯಿಸಲು ಹೋಗೋದು ಅಲ್ಲಿಗೇ. ಅದಕ್ಕೇ ಅಪ್ಪನ ಫೋನಿಗೆ ಬೇರೆ ಕಂಪನಿಯ ಎರಡನೇ ಸಿಮ್ ಹಾಕಿಸಿದ್ದೇನೆ, ಅದನ್ನೂ ಆ ಬದುವಿನ ಮೇಲೆ ನಿಂತು ಮಾತಾಡಿ ನೋಡಿದ ಮೇಲೆಯೇ.