ಡ್ಯೂಟಿ ತೋರಣಗಲ್ಲಿನಲ್ಲಿ, ಮಕ್ಕಳಿಗೆ ಹಂಪಿ: ರೂಮ್ ಎಲ್ಲಿ?

‘ಹಯಾತ್ ಪ್ಲೇಸ್ ಹಂಪಿ’ ಹೋಟೆಲ್ ಅಂದಾಕ್ಷಣ ವಿರೂಪಾಕ್ಷನ ಗುಡಿ ಪಕ್ಕ ಎಂದುಕೊಳ್ಳಬೇಡಿ. ಅದಿರುವುದು ತೋರಣಗಲ್ಲಿನ ವಿದ್ಯಾನಗರದಲ್ಲಿ. ಹಂಪಿ ಅಲ್ಲಿಂದ ಸುಮಾರು 35 ಕಿ.ಮೀ. ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯಲ್ಲಿ ಬೆಳಿಗ್ಗೆ ಮೀಟಿಂಗ್ ಇದ್ದವರಿಗೆ ಬಲು ಸಲೀಸು. ಗುಡಿ ನೋಡಲು ಬಂದ ಸಂಸಾರಕ್ಕೆ ಹಂಪಿಗೆ ಹತ್ತಿರದ ಹೊಸಪೇಟೆಯೇ ಸರಿ.

ಬಳ್ಳಾರಿ ಊರೊಳಗೆ ಉಳಿಯುವುದಾದರೆ ಹೋಟೆಲ್ ಚೈನಿನ ಹೆಸರಿಗಿಂತ ಮೊದಲು ಜನರೇಟರ್ ವಿಚಾರಿಸಿ: ಕರೆಂಟ್ ಹೋದಾಗ ಎಸಿಯೂ ಓಡುತ್ತದೋ, ಬರೀ ಫ್ಯಾನು-ಲೈಟೋ? ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿದು. ಕೊನೆಯ ಮಹಡಿಯಂತೂ ಬೇಡ. ಹಗಲು ಕಾದ ತಾರಸಿ ರಾತ್ರಿಯೆಲ್ಲ ಝಳ ಬಿಡುತ್ತದೆ, ಎಸಿ ಹಾಕಿದರೂ ರೂಮ್ ಬೇಗ ತಣಿಯುವುದಿಲ್ಲ.

ದಿನಕ್ಕೆ 7,500 ರೂ.ವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ದಾಟಿದರೆ ಶೇ 18. ಕಂಪನಿ ಬಿಲ್ ಬೇಕಿದ್ದರೆ ಜಿಎಸ್‌ಟಿ ನಂಬರನ್ನು ಚೆಕ್-ಇನ್ ವೇಳೆಯೇ ಬರೆಸಿ.