ಹೂಮಳೆಗೆ ಮೊದಲು ಯಾವುದನ್ನು ಕೊಳ್ಳುವುದು?

ಕೊಡಗಿನಲ್ಲಿ ಹೂಮಳೆ ಬಿದ್ದು ಕಾಫಿ ಅರಳಿದರೆ ಆ ಬಿಳುಪು ಉಳಿಯುವುದು ಮೂರು ನಾಲ್ಕು ದಿನ. ಅದನ್ನು ಕ್ಯಾಮೆರಾದಲ್ಲಿ ತೀರಾ ಹತ್ತಿರದಿಂದ ಸೆರೆಹಿಡಿಯಲು, ಚಿಕ್ಕದನ್ನು ದೊಡ್ಡದಾಗಿ ತೋರಿಸುವ ದುಬಾರಿ ಮ್ಯಾಕ್ರೋ ಲೆನ್ಸೇ ಬೇಕಿಲ್ಲ. ಇರುವ ಲೆನ್ಸಿಗೇ ಜೋಡಿಸುವ ಮೂರು ಸಾಮಾನುಗಳಿವೆ.

ತೀರಾ ಅಗ್ಗದ್ದು ರಿವರ್ಸ್ ರಿಂಗ್. ಈ ಬಳೆಯ ಮೂಲಕ ಲೆನ್ಸನ್ನು ಹಿಂದುಮುಂದಾಗಿ ಕ್ಯಾಮೆರಾಕ್ಕೆ ಸಿಕ್ಕಿಸಿದರೆ ಇರುವೆಯ ಮೀಸೆಯೂ ಕಾಣುತ್ತದೆ. ಆದರೆ ಆಟೋಫೋಕಸ್ ಇಲ್ಲ, ಲೆನ್ಸಿನ ಹಿಂಬದಿಯ ಗಾಜು ಹೊರಗೆ ತೆರೆದುಕೊಳ್ಳುತ್ತದೆ. ಜುಲೈ ಮಳೆಯಲ್ಲಿ ಅದನ್ನು ತೋಟಕ್ಕೆ ಒಯ್ಯುವ ಧೈರ್ಯ ನನಗಂತೂ ಇಲ್ಲ.

ಎಕ್ಸ್‌ಟೆನ್ಷನ್ ಟ್ಯೂಬ್ ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ಕೂರುವ ಬರಿಯ ಟೊಳ್ಳು ಕೊಳವೆ. ಗಾಜಿಲ್ಲದ ಕಾರಣ ಚಿತ್ರ ಮಸುಕಾಗುವ ಭಯ ಕಡಿಮೆ. 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಟ್ಯೂಬ್ ಹಾಕಿದರೆ ವರ್ಧನೆ (ವಸ್ತುವಿನ ನಿಜ ಗಾತ್ರಕ್ಕೆ ಹೋಲಿಸಿದರೆ ಕ್ಯಾಮೆರಾದ ಸೆನ್ಸರಿನ ಮೇಲೆ ಮೂಡುವ ಬಿಂಬದ ಗಾತ್ರ) 0.5ರಷ್ಟು ಹೆಚ್ಚುತ್ತದೆ, 200 ಮಿ.ಮೀ. ಲೆನ್ಸಿಗಾದರೆ ಬರೀ 0.125. ಬೆಳಕೂ ಕುಗ್ಗುತ್ತದೆ, ಸಿಲ್ವರ್ ಮರಗಳ ನೆರಳಿನಲ್ಲಿ ಅದು ಸಣ್ಣ ನಷ್ಟವಲ್ಲ. ಕೊಳ್ಳುವಾಗ ವಿದ್ಯುತ್ ಸಂಪರ್ಕದ ಲೋಹದ ಚುಕ್ಕೆಗಳಿವೆಯೇ ನೋಡಿ. ಇಲ್ಲದಿದ್ದರೆ ಇಂದಿನ ಹೆಚ್ಚಿನ ಲೆನ್ಸುಗಳಲ್ಲಿ ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿಯ ಗಾತ್ರ, ಬದಲಿಸಲಾಗದು.

200 ಮಿ.ಮೀ.ನಂಥ ಉದ್ದ ಲೆನ್ಸ್ ಇದ್ದವರಿಗೆ ಕ್ಲೋಸಪ್ ಫಿಲ್ಟರ್, ಅಂದರೆ ಲೆನ್ಸಿನ ಮುಂಬದಿಗೆ ಹಾಕುವ ಭೂತಗನ್ನಡಿ, ಸರಿ. +4 ಶಕ್ತಿಯ ಫಿಲ್ಟರ್ ಹಾಕಿ ಫೋಕಸನ್ನು ಅನಂತಕ್ಕಿಟ್ಟರೆ, 200 ಮಿ.ಮೀ. ಲೆನ್ಸಿನಲ್ಲಿ 25 ಸೆಂ.ಮೀ. ದೂರದಿಂದಲೇ 0.8ರಷ್ಟು ವರ್ಧನೆ. ಮೆಣಸಿನ ಬಳ್ಳಿಯ ಮೇಲಿನ ಕಪ್ಪೆ ಬೆದರುವುದಿಲ್ಲ, ಬೆಳಕೂ ಕುಗ್ಗುವುದಿಲ್ಲ. ಒಂಟಿ ಗಾಜಿನ ಅಗ್ಗದ ಫಿಲ್ಟರ್‌ನಲ್ಲಿ ಮಾತ್ರ ಬಿಳಿ ಎಸಳಿನ ಅಂಚಿಗೆ ನೇರಳೆ ಗೆರೆ ಮೂಡುತ್ತದೆ. ಎರಡು ಗಾಜು ಅಂಟಿಸಿದ್ದನ್ನೇ ಕೇಳಿ.

ನನ್ನ ಚೀಲದಲ್ಲಿರುವುದು 50ರ ಲೆನ್ಸ್, ಹಾಗಾಗಿ ಟ್ಯೂಬ್. ಜಿಗಣೆಗೆ ಸುಣ್ಣದ ಡಬ್ಬಿ ಬೇರೆ.