ಶೋ ಮುಗಿದ ಮೇಲಿನ ಕಾಲು ಗಂಟೆ: ಬ್ಯಾಂಡ್ ಟೀ ಶರ್ಟ್ ಮಾರಲು ನಾವು ಮಾಡಿ ನೋಡಿದ ಮೂರು ದಾರಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ಕ್ರೀನ್ ಪ್ರಿಂಟ್‌ಗೆ, ಅಂದರೆ ಜಾಲರಿ ಬಿಗಿದ ಚೌಕಟ್ಟಿನ (ಸ್ಕ್ರೀನ್) ಮೂಲಕ ಇಂಕ್ ಒತ್ತಿ ಮಾಡುವ ಪ್ರಿಂಟ್‌ಗೆ. ಒಂದೇ ಡಿಸೈನ್, ಎರಡು ಬಣ್ಣ, 60 ಶರ್ಟ್. ಕೈಯಿಂದ ದುಡ್ಡು ಹಾಕಿ ಮುಂಚೆಯೇ ಪ್ರಿಂಟ್ ಮಾಡಿಸಿ, ಡಬ್ಬದಲ್ಲಿ ತುಂಬಿಕೊಂಡು ಶೋಗೆ ಹೋಗುವುದು. ಹಳೇ ಕಾಲದ ಪದ್ಧತಿ, ನಿಜ. ಆದರೆ ನಾವು ಇದಕ್ಕೆ ಬಂದಿದ್ದು ಬೇರೆ ಎರಡನ್ನು ಮಾಡಿ ನೋಡಿದ ಮೇಲೆ, ಅದರಲ್ಲಿ ಒಂದಕ್ಕೆ ಹೆಚ್ಚುಕಡಿಮೆ ಒಂದು ವರ್ಷದ ಶೋಗಳೇ ಹೋದವು. ನಮ್ಮ ಹಾಗೆ ಸ್ವಂತ ಹಾಡು ಮಾಡಿಕೊಂಡು, ತಿಂಗಳಿಗೆ ಒಂದೋ ಎರಡೋ ಕಡೆ ನುಡಿಸುವ, ಮ್ಯಾನೇಜರ್ ಅಂತ ಯಾರೂ ಇಲ್ಲದ ಬ್ಯಾಂಡಿನವರು ಶರ್ಟ್ ಹೇಗೆ ಮಾಡಿಸಿ ಮಾರುವುದು ಅಂತ ಕೇಳುತ್ತಿರುತ್ತಾರೆ. ಅವರಿಗೋಸ್ಕರ ಬರೆಯುತ್ತಿದ್ದೇನೆ.

ನಾವು ನಾಲ್ಕು ಜನ. ನಾನು ಬೇಸ್ ನುಡಿಸುತ್ತೇನೆ, ಶರ್ಟಿನ ಲೆಕ್ಕದ ಪುಸ್ತಕವೂ ನನ್ನ ಹತ್ತಿರವೇ ಇರುತ್ತದೆ. ಕೆಳಗೆ ಬರುವ ಅಂಕಿಗಳೆಲ್ಲ ಆ ಪುಸ್ತಕದ್ದು.

ನಾವು ಮೊದಲು ಹಿಡಿದ ದಾರಿ ಪ್ರಿಂಟ್ ಆನ್ ಡಿಮಾಂಡ್. ಡಿಸೈನ್ ಅಪ್‌ಲೋಡ್ ಮಾಡಿ ಬಿಟ್ಟರೆ ಸಾಕು, ಯಾರಾದರೂ ಆರ್ಡರ್ ಮಾಡಿದಾಗ ಆ ಒಂದು ಶರ್ಟನ್ನು ಕಂಪನಿಯೇ ಪ್ರಿಂಟ್ ಮಾಡಿ ಅವರ ಮನೆಗೆ ಕಳಿಸುತ್ತದೆ. ಕೈಯಿಂದ ಒಂದು ಪೈಸೆ ಹಾಕಬೇಕಿಲ್ಲ, ಸ್ಟಾಕ್ ಇಡಬೇಕಿಲ್ಲ, ಸೈಜ್ ಉಳಿದುಹೋಗುವ ಭಯ ಇಲ್ಲ. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ನಮಗೂ ಹಾಗೇ ಅನ್ನಿಸಿತು. ಒಂದು ಸ್ಯಾಂಪಲ್ ಶರ್ಟ್ ತರಿಸಿ ಗೋಡೆಗೆ ನೇತು ಹಾಕಿದೆವು, ಪಕ್ಕದಲ್ಲಿ ದೊಡ್ಡದಾಗಿ ಕ್ಯೂಆರ್ ಕೋಡ್ ಇರುವ ಬೋರ್ಡ್ ನಿಲ್ಲಿಸಿದೆವು. ಸ್ಕ್ಯಾನ್ ಮಾಡಿ, ಆರ್ಡರ್ ಮಾಡಿ, ಶರ್ಟ್ ಮನೆಗೆ ಬರುತ್ತದೆ.

ಈಗ ಶೋ ಮುಗಿಯುವ ಹೊತ್ತನ್ನು ಸ್ವಲ್ಪ ನೆನಪಿಸಿಕೊಳ್ಳಿ. ಕೊನೆಯ ಹಾಡು ಆಯಿತು, ದೀಪ ಹತ್ತಿತು, ಜನ ಬಾಗಿಲ ಕಡೆ ಹೊರಟರು. ಅಲ್ಲಿಂದ ಹತ್ತು, ಹೆಚ್ಚೆಂದರೆ ಹದಿನೈದು ನಿಮಿಷ. ಶರ್ಟ್ ಮಾರಾಟ ಆಗುವುದು ಬಹುಪಾಲು ಆ ಹೊತ್ತಿನಲ್ಲಿ. ಹಾಡು ಇನ್ನೂ ಕಿವಿಯಲ್ಲಿ ಇರುತ್ತದೆ, ಮೈ ಬಿಸಿ ಇರುತ್ತದೆ, ಇವತ್ತು ಇಲ್ಲಿದ್ದೆ ಅನ್ನುವುದಕ್ಕೆ ಏನಾದರೂ ಕೈಯಲ್ಲಿ ಹಿಡಿದುಕೊಂಡು ಹೋಗಬೇಕು ಅನ್ನಿಸುತ್ತಿರುತ್ತದೆ. ಆ ಹೊತ್ತಿಗೆ ಸರಿಯಾಗಿ ಹಾಲ್‌ನಲ್ಲಿರುವ ಎಲ್ಲರೂ ಫೋನ್ ತೆಗೆದಿರುತ್ತಾರೆ. ಒಬ್ಬರು ವಿಡಿಯೋ ಕಳಿಸುತ್ತಿದ್ದಾರೆ, ಇನ್ನೊಬ್ಬರು ಕ್ಯಾಬ್ ಬುಕ್ ಮಾಡುತ್ತಿದ್ದಾರೆ, ಮತ್ತೊಬ್ಬರು ಸ್ನೇಹಿತರನ್ನು ಹುಡುಕಲು ಕರೆ ಮಾಡುತ್ತಿದ್ದಾರೆ. ಎಲ್ಲರದೂ ಒಂದೇ ಟವರ್. ಸಿಗ್ನಲ್ ಕಡ್ಡಿಗಳು ಪೂರ್ತಿ ಕಾಣುತ್ತವೆ, ಪೇಜ್ ಮಾತ್ರ ತೆರೆಯುವುದಿಲ್ಲ.

ಒಂದು ರಾತ್ರಿ ನಾನು ಬೋರ್ಡಿನ ಪಕ್ಕದಲ್ಲೇ ನಿಂತು ಎಣಿಸಿದೆ. ಸ್ಕ್ಯಾನ್ ಮಾಡಿದವರು 23 ಜನ. ಆವತ್ತು ಬಂದ ಆರ್ಡರ್ 2. ಉಳಿದ 21 ಜನ ಎಲ್ಲಿ ಬಿಟ್ಟು ಹೋದರು ಅನ್ನುವುದನ್ನು ಕಣ್ಣಾರೆ ನೋಡಿದೆ. ಕೆಲವರಿಗೆ ಬಿಳಿ ಪೇಜಿನ ನಡುವೆ ಸುತ್ತುವ ಚಕ್ರ ಬಿಟ್ಟು ಬೇರೇನೂ ಬರಲಿಲ್ಲ. ಕೆಲವರಿಗೆ ಶರ್ಟಿನ ಫೋಟೋ ಬಂತು. ಆಮೇಲೆ ಬಣ್ಣ ಆರಿಸು, ಸೈಜ್ ಆರಿಸು, ಹೆಸರು ತುಂಬು, ವಿಳಾಸ ತುಂಬು, ಪಿನ್ ಕೋಡ್ ಹಾಕು, ಒಟಿಪಿಗೆ ಕಾಯಿ. ಒಟಿಪಿ ಬರುವಷ್ಟರಲ್ಲಿ ಪೇಜ್ ಸತ್ತಿರುತ್ತದೆ, ಮತ್ತೆ ಮೊದಲಿಂದ. ಇಷ್ಟೆಲ್ಲ ದಾಟಿ ಬಂದವರಿಗೆ ಕೊನೆಯ ಪೇಜಿನಲ್ಲಿ ಕೊರಿಯರ್ ಖರ್ಚು ಬೇರೆ ಸೇರಿಕೊಂಡು, ಬೋರ್ಡಿನ ಮೇಲಿದ್ದ ಬೆಲೆಗಿಂತ ಜಾಸ್ತಿ ಮೊತ್ತ ಕಾಣುತ್ತದೆ. ಅಷ್ಟರಲ್ಲಿ ಜೊತೆಗೆ ಬಂದವರು ಬಾಗಿಲಲ್ಲಿ ನಿಂತು ಕೂಗುತ್ತಿರುತ್ತಾರೆ. "ಮನೆಗೆ ಹೋಗಿ ಮಾಡ್ತೀನಿ ಅಣ್ಣಾ, ಪಕ್ಕಾ" ಅಂತ ಹೇಳಿ ಹೊರಡುತ್ತಾರೆ. ಹೇಳುವಾಗ ಅವರ ಮನಸ್ಸಿನಲ್ಲಿ ಸುಳ್ಳಿರಲಿಲ್ಲ. ಆದರೆ ಆ ಆಸೆ ಬೆಳಗಿನ ತನಕ ಉಳಿಯುವುದಿಲ್ಲ.

ಸರಿ ಮಾಡಲು ಸುಮಾರು ಪ್ರಯತ್ನ ಮಾಡಿದೆವು. ಬೇರೆ ಸಿಮ್ ಹಾಕಿ ಹಾಟ್‌ಸ್ಪಾಟ್ ಇಟ್ಟೆವು, ಅದೂ ಅದೇ ಗುಂಪಿನಲ್ಲಿ ಸಿಕ್ಕಿಕೊಂಡಿತು. ಬೋರ್ಡನ್ನು ಹೊರಬಾಗಿಲ ಹತ್ತಿರ ಇಟ್ಟೆವು, ಅಲ್ಲಿ ನೆಟ್‌ವರ್ಕ್ ಸ್ವಲ್ಪ ಪರವಾಗಿಲ್ಲ, ಆದರೆ ಅಲ್ಲಿ ಯಾರೂ ನಿಲ್ಲುವುದಿಲ್ಲ. ಕೊನೆಗೆ ಒಂದು ಹಾಳೆ ಇಟ್ಟು ಹೆಸರು, ನಂಬರ್, ಸೈಜ್ ಬರೆದು ಹೋಗಿ ಅಂದೆವು. 9 ಜನ ಬರೆದರು. ಮಾರನೇ ದಿನ ಎಲ್ಲರಿಗೂ ಲಿಂಕ್ ಕಳಿಸಿದೆ. 3 ಜನ ಉತ್ತರ ಕೊಟ್ಟರು, ತೆಗೆದುಕೊಂಡವರು ಒಬ್ಬರು.

ಸೈಜಿನ ಕಥೆ ಇನ್ನೊಂದು. ನಮ್ಮ ಹತ್ತಿರ ಇದ್ದದ್ದು ಗೋಡೆ ಮೇಲಿನ ಒಂದೇ ಎಂ ಶರ್ಟ್. ಒಬ್ಬ ಹುಡುಗಿ ಅದನ್ನೇ ಇಳಿಸಿ ಭುಜಕ್ಕೆ ಹಿಡಿದು ನೋಡಿ, ಸರಿಯಾಗುತ್ತೆ ಅಂತ ಎಂ ಆರ್ಡರ್ ಮಾಡಿದಳು. 12 ದಿನ ಆದಮೇಲೆ ಬಂದ ಶರ್ಟ್ ಅವಳಿಗೆ ಬಿಗಿ. ನಮ್ಮ ಸ್ಯಾಂಪಲ್ ಒಂದು ಮಾದರಿಯ ಬಟ್ಟೆ, ಅವಳಿಗೆ ಹೋದದ್ದು ಬೇರೆ ಮಾದರಿಯದ್ದು. ಆರ್ಡರ್ ಬಂದ ಮೇಲೆ ಪ್ರಿಂಟ್ ಮಾಡಿದ್ದಾದ್ದರಿಂದ ಸೈಜ್ ಬದಲಾಯಿಸಿ ಕೊಡುವುದಿಲ್ಲ ಅಂತ ಕಂಪನಿ ಹೇಳಿತು. ಅವಳು ದುಡ್ಡು ಕೊಟ್ಟದ್ದು ನಮ್ಮ ಹೆಸರು ನೋಡಿ, ಹಾಗಾಗಿ ನಮ್ಮ ಕೈಯಿಂದಲೇ ವಾಪಸ್ ಕೊಟ್ಟೆವು. ಆವತ್ತೇ ಈ ದಾರಿ ಸಾಕು ಅಂತ ನಾಲ್ಕೂ ಜನ ತೀರ್ಮಾನ ಮಾಡಿದೆವು.

ಎರಡನೆಯದು ಡಿಟಿಎಫ್. ಚಿತ್ರವನ್ನು ಮೊದಲು ಒಂದು ಪ್ಲಾಸ್ಟಿಕ್ ಫಿಲ್ಮ್ ಮೇಲೆ ಪ್ರಿಂಟ್ ಮಾಡಿ, ಅಂಟಿನ ಪುಡಿ ಉದುರಿಸಿ ಕರಗಿಸಿ, ಆಮೇಲೆ ಬಿಸಿ ಪ್ರೆಸ್‌ನಲ್ಲಿ ಶರ್ಟಿಗೆ ಅಂಟಿಸುತ್ತಾರೆ. ಸ್ಕ್ರೀನ್ ಮಾಡುವ ಕೆಲಸವೇ ಇಲ್ಲ, ಅದಕ್ಕೇ 10 ಶರ್ಟ್ ಬೇಕೆಂದರೂ ಮಾಡಿಕೊಡುತ್ತಾರೆ. ಎಷ್ಟು ಬಣ್ಣ ಇದ್ದರೂ ಒಂದೇ ದರ, ಫೋಟೋ ಕೂಡ ಸೊಗಸಾಗಿ ಬರುತ್ತದೆ. ನಾವು 24 ಮಾಡಿಸಿದೆವು. ಶರ್ಟ್ ಕೈಯಲ್ಲಿ ಇದ್ದ ಕಾರಣಕ್ಕೇ ಮೊದಲ ಶೋನಲ್ಲಿ 7 ಹೋದವು. ಹಿಂದಿನ ಇಡೀ ಒಂದು ವರ್ಷದಲ್ಲಿ ಹೋದದ್ದು 11.

ತೊಂದರೆ ನಮ್ಮ ಡಿಸೈನ್‌ನಲ್ಲಿತ್ತು. ಎದೆ ತುಂಬ ದೊಡ್ಡ ಚಿತ್ರ, ನಡುವೆ ಖಾಲಿ ಜಾಗ ಇಲ್ಲ. ಅಷ್ಟಗಲ ಫಿಲ್ಮ್ ಅಂಟಿದ ಮೇಲೆ ಅಲ್ಲಿ ಗಾಳಿ ಆಡುವುದಿಲ್ಲ, ಜನ ಒತ್ತಾಗಿ ನಿಂತ ಹಾಲ್‌ನಲ್ಲಿ ಹಾಕಿಕೊಂಡರೆ ಒಳಗಡೆ ಬೆವರು ನಿಂತುಬಿಡುತ್ತದೆ. ನಮ್ಮ ಡ್ರಮ್ಮರ್ ಎರಡು ಹಾಡಿಗೆ ಬಿಚ್ಚಿಟ್ಟ. ಇನ್ನೊಂದು: ಉಳಿದ ಶರ್ಟುಗಳನ್ನು ಚಿತ್ರಕ್ಕೆ ಚಿತ್ರ ತಾಗುವ ಹಾಗೆ ಮಡಿಸಿ, ಮೇಲೆ ಆಂಪ್ಲಿಫೈಯರ್ ಇಟ್ಟು, ಗಾಡಿಯನ್ನು ಮಧ್ಯಾಹ್ನ ಪೂರ್ತಿ ಬಿಸಿಲಲ್ಲಿ ನಿಲ್ಲಿಸಿದ್ದೆವು. ಸಂಜೆ ತೆಗೆದರೆ ಮೂರು ಶರ್ಟ್ ಮೆತ್ತಿಕೊಂಡಿದ್ದವು. ಬಿಡಿಸುವಾಗ ಟರ್ರ್ ಅಂತ ಸದ್ದು, ಒಂದರ ಮೂಲೆ ಕಿತ್ತುಕೊಂಡೇ ಬಂತು. ಮಧ್ಯೆ ಬಟರ್ ಪೇಪರ್ ಇಟ್ಟಿದ್ದರೆ ಹೀಗಾಗುತ್ತಿರಲಿಲ್ಲ. ಚಿಕ್ಕ ಲೋಗೋ, ಬಟ್ಟೆ ಚೀಲ, ಒಂದು ಶೋಗೆ ಅಂತಲೇ ಮಾಡುವ ಸ್ಪೆಷಲ್ ಶರ್ಟ್, ಇಂಥದ್ದಕ್ಕೆಲ್ಲ ನಾನು ಈಗಲೂ ಡಿಟಿಎಫ್ ಅನ್ನೇ ಹೇಳುತ್ತೇನೆ.

ಡಿಟಿಜಿ ಅಂತ ಇನ್ನೊಂದಿದೆ, ಬಟ್ಟೆ ಮೇಲೆ ನೇರ ಇಂಕ್‌ಜೆಟ್ ಪ್ರಿಂಟ್, ಅದರದ್ದು ಸ್ಯಾಂಪಲ್ ಮಾತ್ರ ನೋಡಿದೆವು. ಕಪ್ಪು ಶರ್ಟಿಗೆ ಮೊದಲು ಒಂದು ದ್ರಾವಣ ಹಚ್ಚಬೇಕು, ಸ್ಯಾಂಪಲ್‌ನಲ್ಲಿ ಅದರ ಚೌಕದ ಕಲೆ ಕಂಡಿತು, ಮುಂದೆ ಹೋಗಲಿಲ್ಲ.

ಈಗ ಸ್ಕ್ರೀನ್ ಪ್ರಿಂಟ್. ಇಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್. ಅದನ್ನು ಮಾಡುವ ಖರ್ಚು 10 ಶರ್ಟಿಗೂ ಅಷ್ಟೇ, 100 ಶರ್ಟಿಗೂ ಅಷ್ಟೇ. ಹಾಗಾಗಿ ಸಂಖ್ಯೆ ಜಾಸ್ತಿ ಆದಷ್ಟೂ ಒಂದು ಶರ್ಟಿಗೆ ಬೀಳುವ ಖರ್ಚು ಇಳಿಯುತ್ತದೆ, ಬಣ್ಣ ಜಾಸ್ತಿ ಆದಷ್ಟೂ ಏರುತ್ತದೆ. ಗೊತ್ತಿಲ್ಲದವರು ಎಡವುವ ಒಂದು ಜಾಗ ಇದೆ. ಕಪ್ಪು ಬಟ್ಟೆ ಮೇಲೆ ಕೆಂಪು ಹಾಗೇ ಹಾಕಿದರೆ ಮಂಕಾಗುತ್ತದೆ, ಅದಕ್ಕೆ ಕೆಳಗೆ ಒಂದು ಬಿಳಿ ಪದರ ಹಾಕುತ್ತಾರೆ. ಆ ಬಿಳಿಗೂ ಒಂದು ಸ್ಕ್ರೀನ್. ಒಂದೇ ಬಣ್ಣ ಅಂದುಕೊಂಡು ಹೋದರೆ ಎರಡಕ್ಕೆ ದುಡ್ಡು ಕೇಳುತ್ತಾರೆ. ನಮ್ಮ ಮೂಲ ಚಿತ್ರದಲ್ಲಿ ಆರು ಬಣ್ಣ ಇತ್ತು. ಕೂತು ಬಿಳಿ ಮತ್ತು ಕೆಂಪಿಗೆ ಇಳಿಸಿದೆವು. ಅಡಿಗೆ ಹಾಕುವ ಬಿಳಿಯನ್ನೇ ಚಿತ್ರದ ಬಿಳಿಯಾಗಿ ಬಿಟ್ಟೆವು, ನೆರಳು ಇರುವ ಜಾಗಕ್ಕೆಲ್ಲ ಏನೂ ಹಾಕದೆ ಶರ್ಟಿನ ಕಪ್ಪನ್ನೇ ಬಳಸಿಕೊಂಡೆವು. ಎರಡೇ ಸ್ಕ್ರೀನ್‌ನಲ್ಲಿ ಮೂರು ಬಣ್ಣ ಕಂಡಿತು. ಚಿತ್ರದ ನಡುನಡುವೆ ಬಟ್ಟೆ ಹಾಗೇ ಇರುವುದರಿಂದ ಬೆವರಿನ ಕಾಟವೂ ಇಲ್ಲ. ನನ್ನ ಕಣ್ಣಿಗೆ ಆರು ಬಣ್ಣದ್ದಕ್ಕಿಂತ ಇದೇ ಚೆಂದ.

ಇಂಕ್ ಸರಿಯಾಗಿ ಕಾಯಬೇಕು, ಅದೊಂದನ್ನು ನೋಡಿಕೊಳ್ಳಿ. ಪ್ಲಾಸ್ಟಿಸಾಲ್ ಇಂಕ್ (ಸ್ಕ್ರೀನ್ ಪ್ರಿಂಟ್‌ಗೆ ಬಳಸುವ ಪ್ಲಾಸ್ಟಿಕ್ ಬೆರೆತ ಇಂಕ್) ಸಾಮಾನ್ಯವಾಗಿ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಪದರದ ಆಳದವರೆಗೂ ಬಿಸಿಯಾಗಬೇಕು, ಕಡಿಮೆ ಆದರೆ ನಾಲ್ಕು ಒಗೆತಕ್ಕೆ ಬಿರುಕು ಬಿಡುತ್ತದೆ. ಎರಡೂ ಕೈಯಲ್ಲಿ ಪ್ರಿಂಟ್ ಹಿಡಿದು ಎಳೆದು ನೋಡಿ. ಗೆರೆ ಗೆರೆಯಾಗಿ ಒಡೆದು ಹಾಗೇ ಉಳಿದರೆ ಕಾದಿಲ್ಲ ಅಂತ ಅರ್ಥ. ನಾನು ಒಂದು ಸ್ಯಾಂಪಲ್ ಕೇಳಿ ಪಡೆದು ಮನೆಯಲ್ಲಿ ಐದು ಸಲ ಒಗೆದ ಮೇಲೆ ಉಳಿದದ್ದಕ್ಕೆ ಹೂಂ ಅಂದೆ.

ಮೇಜಿನ ಹತ್ತಿರದ ಕೆಲಸ ಇಷ್ಟೇ. ಒಂದೊಂದು ಶರ್ಟನ್ನೂ ಸುರುಳಿ ಸುತ್ತಿ, ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಮಾರ್ಕರ್‌ನಲ್ಲಿ ಸೈಜ್ ದಪ್ಪಗೆ ಬರೆದು, ಅಕ್ಷರ ಮೇಲೆ ಕಾಣುವ ಹಾಗೆ ಡಬ್ಬದಲ್ಲಿ ನಿಲ್ಲಿಸುತ್ತೇವೆ. ಗೋಡೆಗೆ ಎರಡು ಶರ್ಟ್, ಪಕ್ಕದಲ್ಲಿ ಕ್ಲಿಪ್ ಲೈಟ್ (ಇದು ಇಲ್ಲದಿದ್ದರೆ ಕತ್ತಲೆ ಹಾಲ್‌ನಲ್ಲಿ ಕಪ್ಪು ಶರ್ಟ್ ಯಾರಿಗೂ ಕಾಣುವುದಿಲ್ಲ). "ಎಲ್ ಇದ್ಯಾ?" ಅಂದರೆ ಕೈ ಹಾಕಿ ತೆಗೆದು ಕೊಡುವುದು. ಒಬ್ಬರಿಗೆ ಅರ್ಧ ನಿಮಿಷ ಹಿಡಿಯುವುದಿಲ್ಲ. ದುಡ್ಡು ಫೋನ್‌ನಲ್ಲೇ ಕಳಿಸುವವರಿಗೆ ನೆಟ್‌ವರ್ಕ್ ಬೇಕಲ್ಲ ಅಂತ ಕೇಳಬಹುದು. ಬೇಕು, ಆದರೆ ಅದು ಒಂದೇ ಪೇಜಿನ ಕೆಲಸ. ಹೋಗದಿದ್ದರೆ ನೋಟು ಕೊಡುತ್ತಾರೆ, ಹಾಗಾಗಿ ಡಬ್ಬದಲ್ಲಿ ಚಿಲ್ಲರೆ ಇರಲೇಬೇಕು.

ದುಡ್ಡಿನ ಲೆಕ್ಕ. ಮಾರುವ ಬೆಲೆ 100 ಅಂತಿಟ್ಟುಕೊಳ್ಳಿ. ನಮಗೆ ಒಂದು ಶರ್ಟಿಗೆ ಬಿದ್ದದ್ದು ಸ್ಕ್ರೀನ್‌ನಲ್ಲಿ 35, ಡಿಟಿಎಫ್‌ನಲ್ಲಿ 50, ಪ್ರಿಂಟ್ ಆನ್ ಡಿಮಾಂಡ್‌ನಲ್ಲಿ 70. ಕೆಲವು ಹಾಲ್‌ನವರು ಮೇಜಿನ ಮಾರಾಟದಲ್ಲಿ ಪಾಲು ಕೇಳುತ್ತಾರೆ. 20 ಕೇಳಿದರು ಅನ್ನಿ, ಸ್ಕ್ರೀನ್‌ನಲ್ಲಿ 45 ಉಳಿಯುತ್ತದೆ, ಡಿಟಿಎಫ್‌ನಲ್ಲಿ 30. ಆನ್‌ಲೈನ್ ಆರ್ಡರ್ ಹಾಲ್‌ನ ಲೆಕ್ಕಕ್ಕೆ ಸಿಗುವುದಿಲ್ಲ, 30 ಪೂರ್ತಿ ನಿಮ್ಮದೇ, ಅದೊಂದು ಅನುಕೂಲ ಅಂತ ಒಪ್ಪುತ್ತೇನೆ. ಈ ಪಾಲಿನ ವಿಚಾರ ನನಗೆ ಬೇಜಾರು ತರುತ್ತದೆ. ವೇದಿಕೆ ಹತ್ತಿ ನುಡಿಸಿದವರೂ ನಾವೇ, ಶರ್ಟಿಗೆ ದುಡ್ಡು ಹಾಕಿದವರೂ ನಾವೇ, ಮೇಜಿನ ಹಿಂದೆ ನಿಂತವರೂ ನಾವೇ. ಬ್ರಿಟನ್‌ನಲ್ಲಿ ಕಲಾವಿದರ ಸಂಘಟನೆ ಫೀಚರ್ಡ್ ಆರ್ಟಿಸ್ಟ್ಸ್ ಕೊಯಲಿಷನ್ 2022ರಲ್ಲಿ ಪಾಲು ಕೇಳದ ಹಾಲ್‌ಗಳ ಪಟ್ಟಿಯನ್ನೇ ಶುರು ಮಾಡಿತು. 2023ರ ಸೆಪ್ಟೆಂಬರ್‌ನಲ್ಲಿ ಶೋ ನಡೆಸುವ ದೊಡ್ಡ ಕಂಪನಿ ಲೈವ್ ನೇಷನ್ ಅಮೆರಿಕದ ತನ್ನ ಕ್ಲಬ್‌ಗಳಲ್ಲಿ ಪಾಲು ತೆಗೆದುಕೊಳ್ಳುವುದನ್ನು ನಿಲ್ಲಿಸುವುದಾಗಿ ಹೇಳಿತು. ಅಂದರೆ ಕೇಳಿದರೆ ಬಿಡುವವರೂ ಇದ್ದಾರೆ. ಶೋ ಒಪ್ಪಿಕೊಳ್ಳುವ ಮುಂಚೆಯೇ ಇದನ್ನು ಮಾತಾಡಿಕೊಳ್ಳಿ, ಶೋ ಮುಗಿದ ಮೇಲೆ ಮಾತಾಡಿದರೆ ಜಗಳವೇ ಆಗುವುದು.

ಇದೇ ಲೆಕ್ಕದಲ್ಲಿ, ಮಾರುವ ಬೆಲೆ 100 ಅಂದರೆ, 60 ಶರ್ಟಿಗೆ ನಾವು ಹಾಕಿದ್ದು 2100. ಪಾಲು ಇಲ್ಲದ ಕಡೆ ಮಾರಿದ್ದರಿಂದ 21ನೇ ಶರ್ಟಿಗೆ ಹಾಕಿದ ದುಡ್ಡು ವಾಪಸ್ ಬಂತು, ಅದು ಮೂರನೇ ಶೋನಲ್ಲಿ.

ಸ್ಕ್ರೀನ್‌ನಲ್ಲಿ ತಪ್ಪೇ ಇಲ್ಲ ಅಂತಲ್ಲ. ಎಸ್ 14 ಮಾಡಿಸಿದ್ದೆವು, 8 ಹಾಗೇ ಉಳಿದವು. ಎಂ ಎರಡೇ ತಿಂಗಳಿಗೆ ಖಾಲಿ, ಆಮೇಲೆ ಎಂ ಕೇಳಿ ಬಂದವರನ್ನು ಬರಿಗೈಲಿ ಕಳಿಸುವಾಗ ನಿಜಕ್ಕೂ ಹೊಟ್ಟೆ ಉರಿಯಿತು. ಡಬ್ಬ ಭಾರ. ವಿಮಾನದಲ್ಲಿ ಓಡಾಡುವ ಬ್ಯಾಂಡ್ ಆದರೆ ಲಗೇಜ್ ಖರ್ಚಿನಲ್ಲೇ ಲಾಭ ಹೋಗುತ್ತದೆ. ನಾವು ಸ್ವಂತ ಗಾಡಿಯಲ್ಲಿ ಹೋಗುತ್ತೇವೆ, ಎರಡು ಡಬ್ಬ ಡ್ರಮ್ ಕೇಸ್ ಪಕ್ಕದಲ್ಲಿ ಕೂರುತ್ತವೆ, ಹಾಗಾಗಿ ನಮಗೆ ನಡೆಯಿತು. ಇನ್ನೂ ಎರಡನೇ ಮೂರನೇ ಶೋ ಮಾಡುತ್ತಿರುವವರು, ಯಾವ ಸೈಜ್ ಹೋಗುತ್ತದೆ ಅಂತ ಗೊತ್ತಿಲ್ಲದವರು, ಮೊದಲು 20 ಡಿಟಿಎಫ್ ಮಾಡಿಸಿ, ಚಿತ್ರ ಚಿಕ್ಕದಿರಲಿ. ಅಷ್ಟರಲ್ಲಿ ಸೈಜಿನ ಅಂದಾಜು ಸಿಗುತ್ತದೆ. ಕ್ಯೂಆರ್ ಬೋರ್ಡ್ ಒಂದನ್ನೇ ನಂಬಿಕೊಂಡು ಮಾತ್ರ ಶೋಗೆ ಹೋಗಬೇಡಿ.

ಸ್ಕ್ರೀನ್‌ಗಳನ್ನು ಅಳಿಸಬೇಡಿ ಅಂತ ಪ್ರಿಂಟಿಂಗ್‌ನವರಿಗೆ ಹೇಳಿ ಇಟ್ಟಿದ್ದೆ, ಇಟ್ಟುಕೊಂಡಿದ್ದಾರೆ. ಮುಂದಿನ ಸಲ 72 ಹಾಕಿಸುತ್ತಿದ್ದೇವೆ: ಎಸ್ 8, ಎಂ 26, ಎಲ್ 22, ಎಕ್ಸ್ಎಲ್ 12. ಡಬಲ್ ಎಕ್ಸ್ಎಲ್ ಕೇಳಿ ಸುಮ್ನೆ ವಾಪಸ್ ಹೋದವರು ಈವರೆಗೆ ಐದು ಜನ, ಅವರಿಗೋಸ್ಕರ 4.